ಗುಂಡೇಟಿನ ಮರುದಿನ ಶುರುವಾಗುವ ಕೆಲಸ

ಗುಂಡೇಟು ತಿಂದು ಆಸ್ಪತ್ರೆಗೆ ಬಂದ ಹುಡುಗರಿಗೆ ಎಷ್ಟೋ ಸಲ ತಮ್ಮದು ಅಂತ ಹಾಕಿಕೊಳ್ಳಲು ಬಟ್ಟೆಯೇ ಉಳಿದಿರುವುದಿಲ್ಲ. ಎಮರ್ಜೆನ್ಸಿಯಲ್ಲಿ ಕತ್ತರಿಸಿ ತೆಗೆದಿರುತ್ತಾರೆ, ಆಮೇಲೆ ಪೊಲೀಸರು ಸಾಕ್ಷ್ಯಕ್ಕೆಂದು ಒಯ್ದಿರುತ್ತಾರೆ. ಕೆಲವೊಮ್ಮೆ ಫೋನೂ ಹೋಗಿರುತ್ತದೆ. ಅಮೆರಿಕದ ಶಿಕಾಗೋದ ವೆಸ್ಟ್ ಸೈಡಿನಲ್ಲಿ ನಾನು ಕೇಸ್ ಮ್ಯಾನೇಜರ್, ಅಂದರೆ ಇಂಥ ಹುಡುಗರು ಮತ್ತೆ ಬದುಕು ಕಟ್ಟಿಕೊಳ್ಳುವವರೆಗೆ ಜೊತೆಗೆ ನಿಲ್ಲುವವಳು. ವಾರ್ಡಿಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಟ್ರ್ಯಾಕ್ ಪ್ಯಾಂಟು, ಟೀ ಶರ್ಟು, ಚಾರ್ಜರು ಇದ್ದೇ ಇರುತ್ತವೆ. ಫಾರಂಗಳೆಲ್ಲ ಆಮೇಲೆ.

ಯಾರು ಹೊಡೆದರು ಅಂತ ನಾನು ಕೇಳುವುದಿಲ್ಲ. "ನಾನು ಪೊಲೀಸ್ ಅಲ್ಲ. ಇಲ್ಲಿಂದ ಎಲ್ಲಿಗೆ ಹೋಗ್ತೀಯಾ? ಅಲ್ಲಿ ನಿನಗೆ ಭಯ ಇಲ್ವಾ?" ಇಷ್ಟೇ ಕೇಳುತ್ತೇನೆ. ಮುಂದಿನ ಗುಂಡು ಹಾರುತ್ತದೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಈ ಉತ್ತರದ ಮೇಲೆ ನಿಂತಿರುತ್ತದೆ.

ಅದೇ ಹೊತ್ತಿಗೆ ನನ್ನ ಸಹೋದ್ಯೋಗಿ ಕೆಳಗೆ ಕಾಯುತ್ತಿರುವ ಗೆಳೆಯರ ಹತ್ತಿರ ಕೂತಿರುತ್ತಾನೆ. ಸೇಡಿನ ಮಾತು ಹುಟ್ಟುವುದು ಅಲ್ಲೇ. ಅವನು ಇಂಟರಪ್ಟರ್, ಅಂದರೆ ಜಗಳ ಗುಂಡಿನವರೆಗೆ ಹೋಗುವ ಮೊದಲೇ ನಡುವೆ ನಿಂತು ತಡೆಯುವವನು. ಅದೇ ಬೀದಿಯಲ್ಲಿ ಬೆಳೆದವನು, ಜೈಲು ಕಂಡವನು. ಅವನ ಮಾತಿಗೆ ಅಲ್ಲಿರುವ ಬೆಲೆ ನನ್ನ ಮಾತಿಗಿಲ್ಲ. ಈ ಪದ್ಧತಿ ಶುರುವಾಗಿದ್ದೂ ನಮ್ಮ ಭಾಗದಲ್ಲೇ. ಸಾಂಕ್ರಾಮಿಕ ರೋಗಗಳ ತಜ್ಞ ಗ್ಯಾರಿ ಸ್ಲಟ್ಕಿನ್ 2000ರಲ್ಲಿ ವೆಸ್ಟ್ ಗಾರ್ಫೀಲ್ಡ್ ಪಾರ್ಕಿನಲ್ಲಿ 'ಸೀಸ್‌ಫೈರ್' ಅನ್ನುವ ಹಿಂಸೆ ತಡೆಯುವ ಕಾರ್ಯಕ್ರಮ ಆರಂಭಿಸಿದರು. ಹಿಂಸೆಯೂ ಸೋಂಕಿನ ಹಾಗೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ ಅನ್ನುವುದು ಅವರ ವಾದ.

ಆದರೆ ಆ ರಾತ್ರಿ ಜಗಳ ತಡೆದರೆ ಸಾಕಾಗುವುದಿಲ್ಲ. 19 ವರ್ಷದ ಒಬ್ಬ ಹುಡುಗ ನೆನಪಾಗುತ್ತಾನೆ. ಹೊಟ್ಟೆಗೆ ಗುಂಡು ಬಿದ್ದು ಕೊಲಾಸ್ಟಮಿ ಚೀಲ, ಅಂದರೆ ಹೊಟ್ಟೆಯ ಮೇಲೆ ಅಂಟಿಸಿ ಮಲ ಹಿಡಿಯುವ ಚೀಲ, ಹಾಕಿದ್ದರು. ನೋವಿಗಿಂತ ಜಾಸ್ತಿ ಕಾಡಿದ್ದು ನಾಚಿಕೆ. ವಾಸನೆ ಬರುತ್ತದೆ ಅಂತ ಯಾರ ಪಕ್ಕದಲ್ಲೂ ಕೂರುತ್ತಿರಲಿಲ್ಲ. ಚೀಲ ಮುಗಿದಾಗ ವಿಮೆಯ ಒಪ್ಪಿಗೆ ಬಂದಿಲ್ಲ ಅಂದರು. ಅದಕ್ಕೆ ನಾನು ಫೋನಿನಲ್ಲಿ ಕಳೆದ ಹೊತ್ತು ಅಷ್ಟಿಷ್ಟಲ್ಲ. ಕೆಲಸಕ್ಕೆ ಸೇರಲು ಐಡಿ ಬೇಕು, ಐಡಿಗೆ ಜನನ ಪತ್ರ ಬೇಕು. ಆ ಪತ್ರ ಇದ್ದದ್ದು ಅವನಿಗೆ ಗುಂಡು ಬಿದ್ದ ಬೀದಿಯ ಮನೆಯಲ್ಲಿ. ಕೊನೆಗೆ ಅವನ ಅಜ್ಜಿ ಹೋಗಿ ತಂದುಕೊಟ್ಟರು. ಐಡಿ ಕೈಗೆ ಬಂದ ದಿನ ಅವನು "ಮಿಸ್, ಫೋಟೋ ಚೆನ್ನಾಗಿ ಬಂದಿದೆ ಅಲ್ವಾ?" ಅಂದ. ಅವನು ನಕ್ಕಿದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಅಪರಾಧದಿಂದ ನೊಂದವರಿಗೆ ಪರಿಹಾರ ಕೊಡುವ ನಿಧಿ ಪ್ರತಿ ರಾಜ್ಯದಲ್ಲೂ ಇದೆ, 1984ರ ಕಾನೂನಿನಿಂದ ಕೇಂದ್ರದ ಪಾಲೂ ಅದಕ್ಕೆ ಬರುತ್ತದೆ. ಆದರೆ ಹಣ ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಬಾಡಿಗೆ ಕಾಯುತ್ತದೆಯೇ? ಅರ್ಜಿ ಹಾಕಿಸಿ, ನಡುವಿನ ತಿಂಗಳುಗಳಿಗೆ ಬೇರೆ ದಾರಿ ಹುಡುಕುವುದೂ ನಮ್ಮದೇ ಕೆಲಸ.

ಇದರಿಂದೆಲ್ಲ ಹಿಂಸೆ ಕಡಿಮೆ ಆಗುತ್ತಾ ಅಂತ ಕೇಳುವವರಿಗೆ ನಾನು ನಮ್ಮೂರಿನದೇ ಒಂದು ಅಧ್ಯಯನ ತೋರಿಸುತ್ತೇನೆ. ಹಿಂಸೆ ಜಾಸ್ತಿ ಇರುವ ಬಡಾವಣೆಗಳ ಹೈಸ್ಕೂಲು ಮಕ್ಕಳಿಗೆ ಬೇಸಿಗೆಯಲ್ಲಿ 8 ವಾರ ಅರೆಕಾಲಿಕ ಕೆಲಸ ಕೊಟ್ಟಿದ್ದರು, ಜೊತೆಗೆ ಮಾರ್ಗದರ್ಶನಕ್ಕೊಬ್ಬ ಹಿರಿಯರು. 16 ತಿಂಗಳಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಅವರ ಬಂಧನ, ಕೆಲಸ ಸಿಗದ ಅಂಥದೇ ಮಕ್ಕಳಿಗಿಂತ 43% ಕಡಿಮೆ ಇತ್ತು. 2014ರಲ್ಲಿ ಪ್ರಕಟವಾದ ಅಧ್ಯಯನ ಅದು. ಬರೀ 8 ವಾರ!

ಹಣದ್ದೇ ದೊಡ್ಡ ಚಿಂತೆ. 2022ರ ಕೇಂದ್ರ ಕಾನೂನು ಇಂಥ ಕೆಲಸಕ್ಕೆ 5 ವರ್ಷಗಳಿಗೆ 25 ಕೋಟಿ ಡಾಲರ್ ಎತ್ತಿಟ್ಟಿತ್ತು. 2025ರ ಏಪ್ರಿಲಿನಲ್ಲಿ ನ್ಯಾಯ ಇಲಾಖೆ ಹಲವು ಅನುದಾನಗಳನ್ನು ನಡುವೆಯೇ ನಿಲ್ಲಿಸಿತು. ಒಬ್ಬ ಕೇಸ್ ಮ್ಯಾನೇಜರರ ಕೆಲಸ ಹೋದರೆ ಅವರನ್ನು ನಂಬಿದ್ದ ಹುಡುಗರು ಹೊಸಬರ ಫೋನ್ ಎತ್ತುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟು: ಡಿಸ್ಚಾರ್ಜ್ ದಿನ ನೀವೇ ಹೋಗಿ ನಿಲ್ಲಿ, ಮುಂದಿನ ಅಪಾಯಿಂಟ್‌ಮೆಂಟಿಗೂ ನೀವೇ ಕರೆದುಕೊಂಡು ಹೋಗಿ. ಮೊದಲೇ ನಿಮ್ಮ ಜೊತೆಯವರೊಬ್ಬರನ್ನೂ ಪರಿಚಯ ಮಾಡಿಸಿಡಿ, ನೀವಿಲ್ಲದ ದಿನ ಹುಡುಗ ಅವರಿಗಾದರೂ ಫೋನ್ ಮಾಡಲಿ.