ಕೈಯಲ್ಲಿ ಮಾಡಿದ ಫೆಲ್ಟ್, ಮಿಷನ್‌ನಲ್ಲಿ ಹೊಲಿದ ಪರ್ಸು: ನನ್ನ ಅನುಭವ

ಫೆಲ್ಟ್ ಅಂದರೆ ಉಣ್ಣೆಯ ಎಳೆ ಹಾಸಿ, ಸೋಪು ನೀರಲ್ಲಿ ಉಜ್ಜಿ, ಉರುಳಿಸಿ, ಕುಗ್ಗಿಸಿ ಮಾಡುವ ದಪ್ಪ ಹಾಳೆ. ಅದನ್ನು ಕೈಯಲ್ಲಿ ಮಾಡುವವರು ಹೊಲಿಗೆ ಮಿಷನ್ ಮುಟ್ಟುವುದಿಲ್ಲ. ಮಿಷನ್ ಇಟ್ಟುಕೊಂಡವರು ಕೈಫೆಲ್ಟ್ ನೋಡಿದರೆ ದೂರ ಸರಿಯುತ್ತಾರೆ. ಎರಡೂ ಕಡೆಯವರು ನನಗೆ ಹೇಳಿದ್ದು ಒಂದೇ: "ಸುಮ್ನೆ ಉಣ್ಣೆ ಹಾಳು ಮಾಡ್ಬೇಡಿ, ಒಳಗೆ ಅಚ್ಚು ಇಟ್ಟು ಚೀಲದ ಆಕಾರಕ್ಕೇ ಫೆಲ್ಟ್ ಮಾಡಿ." ನಾನು ಕೇಳಲಿಲ್ಲ. ನಾನು ಹೊಲಿದ ಪರ್ಸು, ಕನ್ನಡಕದ ಚೀಲಗಳು ಎರಡು ವರ್ಷದ ಮೇಲಾಯಿತು, ದಿನಾ ಬಳಕೆಯಲ್ಲಿವೆ. ಇಲ್ಲಿಯವರೆಗೆ ಒಂದರ ಹೊಲಿಗೆಯೂ ಬಿಟ್ಟಿಲ್ಲ.

ಅಚ್ಚಿನ ದಾರಿ ನಾನೂ ನೋಡಿದ್ದೇನೆ. ಚೆಂದ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಪರ್ಸಿಗೆ ಅರ್ಧ ದಿನ ಹೋಗುತ್ತದೆ. ಎರಡು ಪರ್ಸು ಒಂದೇ ಅಳತೆಗೆ ಬರುವುದೂ ಇಲ್ಲ. ಒಂದಕ್ಕೆ ಏಳಿಂಚಿನ ಜಿಪ್ ಸರಿಹೋದರೆ ಇನ್ನೊಂದಕ್ಕೆ ಅದೇ ಉದ್ದವಾಗುತ್ತದೆ. ಮಾರಲು ಕೂತರೆ ಕೂಲಿಯೂ ಗಿಟ್ಟುವುದಿಲ್ಲ.

ಹಾಗಾಗಿ ಒಂದೇ ದೊಡ್ಡ ಹಾಳೆ ಮಾಡಿ, ಕತ್ತರಿಸಿ, ಹೊಲಿಯುವುದು. ನನಗೆ ಕೊನೆಗೆ 40 ಸೆಂ.ಮೀ.ಗೆ 50 ಸೆಂ.ಮೀ. ಬೇಕು. ಮೆರಿನೊ ಕುರಿಯ ಉಣ್ಣೆ ನನ್ನ ಕೈಯಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಕುಗ್ಗುತ್ತದೆ. ಅದಕ್ಕೆ ಹಾಸುವಾಗಲೇ 62ಕ್ಕೆ 77ರ ಹತ್ತಿರ ಹಾಸುತ್ತೇನೆ. 140 ಗ್ರಾಂ ಆಸುಪಾಸು ಉಣ್ಣೆ ಹಿಡಿಯುತ್ತದೆ, ದಪ್ಪ 3 ಮಿ.ಮೀ. ಬರುತ್ತದೆ. ಇಷ್ಟರಲ್ಲಿ ಮೂರು ಕನ್ನಡಕದ ಚೀಲ, ಮೂರು ಚಿಲ್ಲರೆ ಪರ್ಸು ಏಳುತ್ತವೆ. ಅಂಚಿನಲ್ಲಿ ಐದನೇ ಒಂದು ಭಾಗ ಚೂರಾಗಿ ಹೋಗುತ್ತದೆ. ಆ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹೆಚ್ಚು ಉಣ್ಣೆ ನುಂಗಿದ್ದು ಅರ್ಧ ಕುಗ್ಗಿದ ಹಾಳೆಗಳು. ನೋಡಲು ಗಟ್ಟಿ, ಚಿವುಟಿದರೆ ಎಳೆಯೂ ಏಳುವುದಿಲ್ಲ. ಮಿಷನ್‌ಗೆ ಕೊಟ್ಟರೆ ಮಾತ್ರ ಮೇಲಿನ ಪದರ ಮುಂದೆ ಮುಂದೆ ಸರಿದು, ಹೊಲಿಗೆ ಮುಗಿಯುವಷ್ಟರಲ್ಲಿ ಒಂದು ಬೆರಳಿನಷ್ಟು ಹೊರಗೆ ಬಂದಿರುತ್ತದೆ. ಆಮೇಲೆ ಹಬೆ ಇಸ್ತ್ರಿ ಇಟ್ಟರೆ ಫೆಲ್ಟ್ ಇನ್ನೂ ಕುಗ್ಗುತ್ತದೆ, ಲೈನಿಂಗ್ ಕುಗ್ಗುವುದಿಲ್ಲ. ಇಡೀ ಪರ್ಸು ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಈಗ ನಾನು ಚಿವುಟಿ ನೋಡುವುದನ್ನೇ ಬಿಟ್ಟಿದ್ದೇನೆ, ಟೇಪು ಹಿಡಿಯುತ್ತೇನೆ. ಎರಡೂ ಕಡೆ ಅಂದುಕೊಂಡ ಅಳತೆಗೆ ಬರುವವರೆಗೂ ಒದ್ದೆ ಹಾಳೆಯನ್ನು ಸುರುಳಿ ಸುತ್ತಿ ಉರುಳಿಸುತ್ತೇನೆ. ಉರುಳಿಸುವ ದಿಕ್ಕಿನಲ್ಲೇ ಜಾಸ್ತಿ ಕುಗ್ಗುವುದರಿಂದ ಹಾಳೆಯನ್ನು ಆಗಾಗ ತಿರುಗಿಸಬೇಕು, ಗೊತ್ತಲ್ವಾ. ಸೋಪು ಪೂರ್ತಿ ಹೋಗುವ ಹಾಗೆ ತೊಳೆದು, ಒಣಗಿಸಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಒಂದು ರಾತ್ರಿ ಭಾರದ ಕೆಳಗಿಡುತ್ತೇನೆ. ಆಮೇಲೆಯೇ ಕತ್ತರಿ.

ಇನ್ನು ಹೊಲಿಗೆ. ಸೂಜಿ 16ನೇ ನಂಬರ್, ಒಂದೊಂದು ಟಾಕಿ 4 ಮಿ.ಮೀ. ಉದ್ದ, ಪಾಲಿಯೆಸ್ಟರ್ ದಾರ. ಬಟ್ಟೆಯನ್ನು ಮೇಲಿಂದ ಒತ್ತಿ ಹಿಡಿಯುವ ಫೂಟಿನ ಒತ್ತಡ ಆದಷ್ಟು ಸಡಿಲ. ಗುಂಡುಪಿನ್ ಚುಚ್ಚಿದರೆ ಫೆಲ್ಟ್ ಉಬ್ಬಿ ಅಳತೆ ತಪ್ಪುತ್ತದೆ, ಕ್ಲಿಪ್ ಹಾಕಿ. ಬಟ್ಟೆಯ ಹಾಗೆ ಒಳಗೆ ಮಡಚಿ ಹೊಲಿಯಲು ಹೋಗಲೇಬೇಡಿ, ಅಂಚಿನಲ್ಲಿ ನಾಲ್ಕು ಪದರ ಸೇರಿ ಹಗ್ಗದಷ್ಟು ದಪ್ಪವಾಗುತ್ತದೆ. ಫೆಲ್ಟಿನ ಅಂಚು ಎಳೆ ಬಿಡುವುದಿಲ್ಲ, ಹೊರಗೇ ಇರಲಿ. ನಾನು ಎರಡೂ ತುಂಡುಗಳನ್ನು ಸುತ್ತಲೂ ಅರ್ಧ ಸೆಂ.ಮೀ. ದೊಡ್ಡದಾಗಿ ಕತ್ತರಿಸುತ್ತೇನೆ. ಮೊದಲು ಹೊಲಿದು, ಆಮೇಲೆ ಎರಡನ್ನೂ ಸೇರಿಸಿ ಹೊಸ ಬ್ಲೇಡಿನಲ್ಲಿ ಒಂದೇ ಏಟಿಗೆ ಸವರುತ್ತೇನೆ. ಹೊಲಿಗೆಯಿಂದ 3 ಮಿ.ಮೀ. ಉಳಿದರೆ ಸಾಕು. ಎರಡು ಅಂಚು ಒಂದೇ ಆದ ಹಾಗೆ ಕಾಣುತ್ತದೆ. ದುಡ್ಡು ಕೊಟ್ಟು ಕೊಂಡವರು ಮೊದಲು ಬೆರಳಾಡಿಸಿ ನೋಡುವುದು ಅಲ್ಲೇ!

ಲೈನಿಂಗಿಗೆ ತೆಳು ಕಾಟನ್. ಫೆಲ್ಟ್ ಎಳೆದುಕೊಳ್ಳದಂತೆ ತಡೆಯುವುದು ಅದೇ. ಸುಕ್ಕಿಲ್ಲದೆ ಕೂರಿಸುವುದಕ್ಕೆ ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಇಷ್ಟು ಹೇಳುತ್ತೇನೆ: ಗಮ್ ಅಲ್ಲ, ಅಂಟಿಸುವ ಕ್ಯಾನ್ವಾಸೂ ಅಲ್ಲ.

ದುಡ್ಡಿನ ವಿಷಯ. ಎಲ್ಲರೂ ಉಣ್ಣೆ ದುಬಾರಿ ಅಂತ ಗೊಣಗುತ್ತಾರೆ. ನನ್ನ ಲೆಕ್ಕದಲ್ಲಿ ಜಿಪ್, ಲೈನಿಂಗ್, ಟಿಚ್ ಬಟನ್ ಸೇರಿದರೆ ಒಂದು ಪರ್ಸಿನ ಉಣ್ಣೆಗಿಂತ ಜಾಸ್ತಿ ಆಗುತ್ತದೆ. ಅದಕ್ಕೆ ಅಗ್ಗದ ಜಿಪ್ ತಂದು ನೋಡಿದೆ. ತಿಂಗಳೊಳಗೆ ರನ್ನರ್ ಕಿತ್ತು ಬಂದ ಪರ್ಸುಗಳು ವಾಪಸ್ ಬಂದವು. ಜಿಪ್ ಬಿಚ್ಚಿ ಹೊಸದು ಹಾಕುವುದು ಹೊಸ ಪರ್ಸು ಹೊಲಿಯುವಷ್ಟೇ ಹೊತ್ತಿನ ಕೆಲಸ. ಅಲ್ಲಿಗೆ ಉಳಿಸಿದ್ದೆಲ್ಲ ಹೋಯಿತು. ಟಿಚ್ ಬಟನ್ ಕೂಡ ಬರೀ ಫೆಲ್ಟಿಗೆ ಹಾಕಿದರೆ ತೂತು ದೊಡ್ಡದಾಗಿ ಕಳಚಿ ಬರುತ್ತದೆ. ಹಿಂದೆ ಒಂದು ರೂಪಾಯಿ ನಾಣ್ಯದಗಲ ದಪ್ಪ ಕ್ಯಾನ್ವಾಸ್ ಇಟ್ಟು ಹಾಕಿ. ಈಗ ಒಂದು ದಿನ ಹಾಳೆಗೆ, ಇನ್ನೊಂದು ದಿನ ಹೊಲಿಗೆಗೆ, ಆರು ವಸ್ತು ಕೈಗೆ. ಅಚ್ಚಿನವರು ಅಷ್ಟೇ ಹೊತ್ತಿನಲ್ಲಿ ನಾಲ್ಕು ಮುಗಿಸಿದರೆ ಹೆಚ್ಚು.

ಒಂದು ಮಾತು, ಮಿಷನ್‌ನಲ್ಲಿ ಕೆಳದಾರದ ಉರುಳೆ ಕೂರುವ ಬಾಬಿನ್ ಗೂಡು ಪ್ರತಿ ಹಾಳೆ ಮುಗಿದ ಮೇಲೆ ಬಿಚ್ಚಿ ನೋಡಿ. ಬ್ರಶ್ ಆಡಿಸಿದರೆ ಬೂದು ಬಣ್ಣದ ಉಣ್ಣೆಯ ಗುಂಜು ಉಂಡೆಯಾಗಿಯೇ ಬರುತ್ತದೆ.

ನಡುವೆ ಹಳೆಯ ಸ್ವೆಟರ್‌ಗಳಲ್ಲೂ ಫೆಲ್ಟ್ ಮಾಡಿ ನೋಡಿದೆ. ಬಿಸಿ ನೀರಿಗೆ ಹಾಕಿ ವಾಷಿಂಗ್ ಮಿಷನ್‌ನಲ್ಲಿ ತಿರುಗಿಸಿದರೆ ಶುದ್ಧ ಉಣ್ಣೆಯದು ಚೆನ್ನಾಗಿ ಕುಗ್ಗುತ್ತದೆ. ಸೂಪರ್‌ವಾಶ್, ಅಂದರೆ ಒಗೆದರೂ ಕುಗ್ಗದಂತೆ ಹದ ಮಾಡಿದ ಉಣ್ಣೆ, ಅಂತ ಚೀಟಿ ಇದ್ದದ್ದು ಏನು ಮಾಡಿದರೂ ಫೆಲ್ಟ್ ಆಗುವುದಿಲ್ಲ, ಸೋಪು ದಂಡ. ಸ್ವೆಟರ್ ಕುಗ್ಗಿಸಿ ಬಂದ ತೆಳು ಫೆಲ್ಟ್ ಒಳಜೇಬಿಗೆ, ಸೂಜಿ ಚುಚ್ಚಿಡುವ ಪುಟ್ಟ ಪುಸ್ತಕದ ಹಾಳೆಗೆ ಚೆನ್ನಾಗಿದೆ. ಉಳಿದ ಚೂರುಗಳಲ್ಲಿ ಕಿವಿಯೋಲೆ ಮಾಡಿದೆ, ತೂಕವೇ ಇಲ್ಲದ್ದರಿಂದ ಅವು ಪರ್ಸಿಗಿಂತ ಬೇಗ ಖರ್ಚಾದವು. ಹಿಡಿಕೆಗೆ ಮಾತ್ರ ಬರೀ ಫೆಲ್ಟ್ ಬೇಡ. ಭಾರ ಬಿದ್ದರೆ ದಿನದಿನಕ್ಕೂ ಉದ್ದವಾಗುತ್ತಾ ಹೋಗುತ್ತದೆ. ಎರಡು ಪಟ್ಟಿಯ ನಡುವೆ ಕಾಟನ್ ಲಾಡಿ ಇಟ್ಟು ಹೊಲಿಯಿರಿ, ಲಾಡಿಯನ್ನು ಮೊದಲೇ ಒಮ್ಮೆ ನೆನೆಸಿ ಒಣಗಿಸಿಕೊಳ್ಳಿ.