ಪೊಟ್ಟಣದ ಮೇಲೆ ಅಚ್ಚು ಹಾಕಿಸುವಂಥ ವೆಬ್ ವಿಳಾಸ ಬರೆಯುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಕಡೆ ಮನೆಯಲ್ಲೇ ಜೋನಿ ಬೆಲ್ಲ, ತೊಡದೇವು, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು ಈಗ ಸ್ವಂತ ವೆಬ್‌ಸೈಟ್ ಮಾಡಿಸಿಕೊಳ್ಳುತ್ತಿದ್ದಾರೆ. ಕಾರವಾರ, ಗೋಕರ್ಣದ ಕಡೆ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವವರೂ ಅಷ್ಟೇ. ಫೋಟೊ, ಬಣ್ಣ, ದರಪಟ್ಟಿ ಎಲ್ಲವನ್ನೂ ಕೂತು ಆರಿಸಿರುತ್ತಾರೆ. ಪುಟದ ವಿಳಾಸವನ್ನು ಮಾತ್ರ ಯಾರೂ ಆರಿಸಿರುವುದಿಲ್ಲ. ಸಾಫ್ಟ್‌ವೇರ್ ಕೊಟ್ಟದ್ದೇ ಉಳಿದುಬಿಡುತ್ತದೆ. ಉಪ್ಪಿನಕಾಯಿ ಪುಟದ ವಿಳಾಸ ‘ನಿಮ್ಮಂಗಡಿ.ಇನ್/?ಪಿ=123’ ಎಂದಿದ್ದರೆ ಅದನ್ನು ಮುಂಬೈಯ ಗ್ರಾಹಕರಿಗೆ ಫೋನಿನಲ್ಲಿ ಹೇಳುವುದು ಹೇಗೆ? ಪೊಟ್ಟಣದ ಮೇಲೆ ಹಾಕಿಸಿದರೆ ಯಾರಿಗೆ ನೆನಪಿರುತ್ತದೆ?

ಈ ವಿಳಾಸಕ್ಕೆ ಯುಆರ್‌ಎಲ್ ಎನ್ನುತ್ತಾರೆ. ಅದನ್ನು ಸರಿಯಾಗಿ ಬರೆಯಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಹತ್ತು ಹದಿನೈದು ಪುಟಗಳ ಸೈಟಿಗೆ ಅರ್ಧ ದಿನದ ಕೆಲಸ. ಓದಲು ಸುಲಭವಾಗಲಿ ಎಂದು ಇಲ್ಲಿ ವಿಳಾಸಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಕಾರಣ ಮುಂದೆ ಹೇಳುತ್ತೇನೆ.

ಮೊದಲೇ ಒಂದು ವಿಷಯ ಸ್ಪಷ್ಟವಾಗಿರಲಿ. ವಿಳಾಸದಲ್ಲಿ ಒಳ್ಳೆಯ ಪದ ಹಾಕಿದ ಕೂಡಲೇ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂದು ಹೇಳಿ ದುಡ್ಡು ಕೇಳುವವರಿದ್ದಾರೆ. ವಿಳಾಸದ ಪದಗಳಿಂದ ಮಾತ್ರ ಸ್ಥಾನದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ ಎಂದು ಗೂಗಲ್ ತನ್ನ ಕೈಪಿಡಿಯಲ್ಲೇ ಬರೆದುಕೊಂಡಿದೆ. 2025ರ ಜನವರಿಯಿಂದ ಮೊಬೈಲ್‌ನ ಹುಡುಕಾಟದ ಫಲಿತಾಂಶದಲ್ಲಿ ಅದು ಪೂರ್ತಿ ವಿಳಾಸವನ್ನು ತೋರಿಸುವುದೂ ಇಲ್ಲ, ಸೈಟಿನ ಹೆಸರನ್ನಷ್ಟೇ ತೋರಿಸುತ್ತದೆ. ಹಾಗಾದರೆ ಇಷ್ಟೆಲ್ಲ ಯಾಕೆ? ಒಳ್ಳೆಯ ವಿಳಾಸ ಇದ್ದರೆ ಒಂದೇ ಪುಟ ನಾಲ್ಕು ಹೆಸರಿನಲ್ಲಿ ಚದುರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಬಂದಾಗ ಒತ್ತುವ ಮೊದಲೇ ಒಳಗೆ ಏನಿದೆ ಎಂದು ಗೊತ್ತಾಗುತ್ತದೆ. ಮತ್ತೆ, ಒಮ್ಮೆ ಬಂದ ಗ್ರಾಹಕರು ವರ್ಷ ಬಿಟ್ಟು ಬಂದರೂ ಅದೇ ಬಾಗಿಲು ಸಿಗುತ್ತದೆ. ಸಣ್ಣ ವ್ಯಾಪಾರ ನಿಂತಿರುವುದೇ ಮತ್ತೆ ಬರುವ ಗ್ರಾಹಕರ ಮೇಲೆ, ಅಲ್ವಾ?

ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ

‘ನಿಮ್ಮಂಗಡಿ.ಇನ್’ ಎಂಬ ಭಾಗಕ್ಕೆ ಡೊಮೇನ್ ಎನ್ನುತ್ತಾರೆ. ಅದು ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಸ್ತಿಯಲ್ಲ. ಅವಧಿಗೆ ಸರಿಯಾಗಿ ನವೀಕರಿಸುತ್ತಾ ಇರಬೇಕು. ಸೈಟ್ ಮಾಡಿಕೊಡುವವರು ಎಷ್ಟೋ ಸಲ ತಮ್ಮದೇ ಇಮೇಲ್ ಹಾಕಿ ಡೊಮೇನ್ ನೋಂದಾಯಿಸಿಬಿಡುತ್ತಾರೆ. ನಾಳೆ ಅವರು ಊರು ಬಿಟ್ಟರೆ, ಫೋನ್ ಎತ್ತದಿದ್ದರೆ ನಿಮ್ಮ ವಿಳಾಸ ನಿಮ್ಮ ಕೈಯಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಇದು: ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ಇಮೇಲ್ ಇದೆ, ನವೀಕರಣ ಯಾವಾಗ ಎಂದು ಇವತ್ತೇ ಕೇಳಿ. ಪಾಸ್‌ವರ್ಡ್ ನಿಮ್ಮ ಬಳಿ ಇರಲೇಬೇಕು.

ಡೊಮೇನ್ ಚಿಕ್ಕದಿರಲಿ, ನಡುವೆ ಅಡ್ಡಗೆರೆ ಬೇಡ. ನಿಯಮದ ಪ್ರಕಾರ 63 ಅಕ್ಷರದವರೆಗೆ ಹೋಗಬಹುದು. ಹದಿನೈದು ದಾಟಿದರೇ ಫೋನಿನಲ್ಲಿ ಹೇಳುವುದು ಕಷ್ಟ.

ಪುಟಗಳಿಗೆ ಗ್ರಾಹಕರ ಮಾತಿನಲ್ಲಿ ಹೆಸರಿಡಿ

ಒಂದು ಹಾಳೆಯಲ್ಲಿ ನಿಮ್ಮ ಸೈಟಿನ ಎಲ್ಲ ಪುಟಗಳನ್ನೂ ಬರೆಯಿರಿ. ಪ್ರತಿಯೊಂದರ ಮುಂದೆ, ಗ್ರಾಹಕರು ಫೋನ್ ಮಾಡಿ ಆ ವಸ್ತುವನ್ನು ಹೇಗೆ ಕೇಳುತ್ತಾರೋ ಹಾಗೇ ಎರಡು ಮೂರು ಪದ ಬರೆಯಿರಿ. ‘ಉತ್ಪನ್ನ-7’ ಅಲ್ಲ, ‘ಜೋನಿ-ಬೆಲ್ಲ’. ‘ಸೇವೆ-2’ ಅಲ್ಲ, ‘ದೇವಬಾಗ-ಹೋಂಸ್ಟೇ’.

ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ವಿಶೇಷ ತೊಡಕಿದೆ. ಒಂದೇ ವಸ್ತುವಿಗೆ ಊರಿಗೊಂದು ಹೆಸರು. ನಾವು ಮುರುಗಲು ಎನ್ನುವುದನ್ನು ಮಂಗಳೂರಿನ ಕಡೆಯವರು ಪುನರ್ಪುಳಿ ಎನ್ನುತ್ತಾರೆ. ಗೋವಾ, ಮುಂಬೈಯವರಿಗೆ ಅದು ಕೋಕಂ. ನಿಮ್ಮ ಶರಬತ್ತು ಜಾಸ್ತಿ ಹೋಗುವುದು ಮುಂಬೈಗಾದರೆ ವಿಳಾಸದಲ್ಲಿ ‘ಕೋಕಂ-ಶರಬತ್’ ಇರಲಿ. ಮುರುಗಲು, ಪುನರ್ಪುಳಿ ಎಂಬ ಹೆಸರುಗಳನ್ನು ಪುಟದ ಒಳಗೆ, ವಿವರಣೆಯಲ್ಲಿ ಬರೆಯಿರಿ. ಹುಡುಕುವ ಯಂತ್ರ ಪುಟವನ್ನು ಪೂರ್ತಿ ಓದುತ್ತದೆ. ಮೂರೂ ಹೆಸರನ್ನು ವಿಳಾಸಕ್ಕೇ ತುರುಕಬೇಕಾಗಿಲ್ಲ.

ಊರಿನ ಹೆಸರಿನದ್ದು ಇನ್ನೊಂದು ಕತೆ. ಕನ್ನಡದಲ್ಲಿ ಕಾರವಾರ ಎಂದು ಬರೆದರೂ ಇಂಗ್ಲಿಷ್ ಫಲಕದಲ್ಲಿರುವುದು ‘ಕಾರ್ವಾರ್’. ಶಿರಸಿ ಎಂದು ಬರೆಯುತ್ತೇವೆ, ಇಂಗ್ಲಿಷಿನಲ್ಲಿ ‘ಸಿರ್ಸಿ’. ನಮ್ಮ ಉಚ್ಚಾರಕ್ಕೆ ನಿಷ್ಠರಾಗಿ ಒಂದೊಂದು ಸ್ವರಕ್ಕೂ ಅಕ್ಷರ ಸೇರಿಸಿದರೆ ಹೊರಗಿನವರು ಆ ವಿಳಾಸವನ್ನು ಟೈಪ್ ಮಾಡುವುದೇ ಇಲ್ಲ. ಬಸ್ಸಿನ ಫಲಕ, ರೈಲ್ವೆ ನಿಲ್ದಾಣದ ಹಲಗೆ, ಗೂಗಲ್ ಮ್ಯಾಪ್‌ನಲ್ಲಿ ಯಾವ ಸ್ಪೆಲ್ಲಿಂಗ್ ಇದೆಯೋ ಅದನ್ನೇ ಹಿಡಿಯಿರಿ. ಹೊನ್ನಾವರದಂಥ ಊರಿಗೆ ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗ್ ಬಳಕೆಯಲ್ಲಿವೆ. ಯಾವುದಾದರೂ ಒಂದನ್ನು ಆರಿಸಿ, ಸೈಟ್ ಪೂರ್ತಿ ಅದನ್ನೇ ಬಳಸಿ. ತೊಡದೇವು, ಅಪ್ಪೆಮಿಡಿ ತರಹದ ಪದಗಳಿಗೆ ಗೊತ್ತಾದ ಸ್ಪೆಲ್ಲಿಂಗೇ ಇಲ್ಲ. ಅಂಥ ಪದದ ಮೊದಲ ಕೆಲವು ಅಕ್ಷರಗಳನ್ನು ಗೂಗಲ್‌ನಲ್ಲಿ ಟೈಪ್ ಮಾಡಿ. ಕೆಳಗೆ ತಾನಾಗಿ ಬರುವ ಸಲಹೆಗಳಲ್ಲಿ ಜನ ಹೇಗೆ ಬರೆಯುತ್ತಾರೆ ಎಂಬುದು ಕಾಣುತ್ತದೆ.

ಊರಿನ ಹೆಸರು ಹಾಕುವಾಗ ಪ್ರಾಮಾಣಿಕತೆಯೂ ಮುಖ್ಯ. ‘ಸಿರ್ಸಿ ಸುಪಾರಿ’ಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇರೆ ಕಡೆಯ ಅಡಿಕೆ ಮಾರುತ್ತಾ ವಿಳಾಸದಲ್ಲಿ ಆ ಹೆಸರು ಹಾಕಿಕೊಳ್ಳುವುದು ಗ್ರಾಹಕರಿಗೂ ಇಲ್ಲಿನ ಬೆಳೆಗಾರರಿಗೂ ಮಾಡುವ ಮೋಸ. ಕಾನೂನಿನ ತೊಂದರೆಯೂ ಬರಬಹುದು.

ಹೋಂಸ್ಟೇಯವರು ಮಾಡುವ ಕೆಲಸ ಇನ್ನೊಂದು: ‘ಬೆಸ್ಟ್-ಹೋಂಸ್ಟೇ-ಕಾರವಾರ-ಗೋಕರ್ಣ-ಯಾಣ-ಮುರ್ಡೇಶ್ವರ-ಕಡಿಮೆ-ದರ’. ಇದನ್ನು ನೋಡಿದರೆ ಮೋಸದ ಲಿಂಕ್ ಇರಬೇಕು ಎಂದೇ ಅನಿಸುತ್ತದೆ. ಮನೆ ಎಲ್ಲಿದೆಯೋ ಆ ಒಂದೇ ಊರು ಸಾಕು. ಅಲ್ಲಿಂದ ಯಾಣಕ್ಕೆ ಹೋಗುವ ದಾರಿ ಹೇಳಬೇಕೆಂದರೆ ಅದಕ್ಕೆ ಬೇರೆ ಪುಟ ಮಾಡಿ, ‘ಯಾಣಕ್ಕೆ-ದಾರಿ’ ಎಂದು ಹೆಸರಿಡಿ.

ವಿಳಾಸ ಕನ್ನಡ ಅಕ್ಷರದಲ್ಲಿ ಇರಬಾರದೇ?

ಇರಬಹುದು. ಗೂಗಲ್ ಅದನ್ನು ಓದುತ್ತದೆ. ಡೊಮೇನ್ ಕೂಡ ‘.ಭಾರತ’ ಎಂದು ಕನ್ನಡದಲ್ಲೇ ಸಿಗುತ್ತದೆ. ಕನ್ನಡದಲ್ಲೇ ಇರಲಿ ಎಂಬ ಆಸೆ ನನಗೂ ಇದೆ. ಆದರೆ ಈಗಿನ ವ್ಯವಸ್ಥೆಯಲ್ಲಿ ಅದು ವ್ಯಾಪಾರಕ್ಕೆ ತೊಡಕು.

ಕಾರಣ ಇದು. ವೆಬ್ ವಿಳಾಸ ಒಳಗೊಳಗೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಲ್ಲಿ ಮಾತ್ರ ಓಡಾಡುತ್ತದೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತು, ಒತ್ತಕ್ಷರ ಮಾಡುವ ಹಲಂತದ ಗುರುತು, ಎಲ್ಲವೂ ಪ್ರತ್ಯೇಕವಾಗಿ ಶೇಕಡಾ ಚಿಹ್ನೆಗಳಿರುವ ಒಂಬತ್ತು ಅಕ್ಷರಗಳ ಸಾಲಾಗುತ್ತವೆ. ‘ಉಪ್ಪಿನಕಾಯಿ’ ಎಂಬ ಒಂದು ಪದದಲ್ಲಿ ಇಂಥ ಹತ್ತು ಘಟಕಗಳಿವೆ. ಅಂದರೆ 90 ಅಕ್ಷರ. ಕ್ರೋಮ್‌ನ ವಿಳಾಸ ಪಟ್ಟಿಯಲ್ಲಿ ಕನ್ನಡವಾಗಿ ಕಂಡರೂ, ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದಾಗ ಉದ್ದನೆಯ ಶೇಕಡಾ ಚಿಹ್ನೆಗಳ ಸಾಲು ಬರುತ್ತದೆ.

ವರ್ಡ್‌ಪ್ರೆಸ್ (ಸೈಟ್ ಮಾಡುವ ಒಂದು ಸಾಫ್ಟ್‌ವೇರ್) ಬಳಸುವವರಿಗೆ ಇನ್ನೂ ಒಂದು ಕಷ್ಟ. ಶೀರ್ಷಿಕೆಯಿಂದ ವಿಳಾಸ ಮಾಡುವಾಗ ಅದು 200 ಅಕ್ಷರಕ್ಕೆ ಕತ್ತರಿಸುತ್ತದೆ. ‘ಅಪ್ಪೆಮಿಡಿ-ಉಪ್ಪಿನಕಾಯಿ’ಗೇ 172 ಆಗುತ್ತದೆ. ಮುಂದೆ ‘ಸಿರ್ಸಿ’ ಸೇರಿಸಿದರೆ 227. ಕೊನೆಯ ಪದ ಅರ್ಧಕ್ಕೇ ಮುರಿಯುತ್ತದೆ.

ಆದ್ದರಿಂದ ನನ್ನ ಸಲಹೆ: ವಿಳಾಸ ಇಂಗ್ಲಿಷ್ ಅಕ್ಷರದಲ್ಲಿರಲಿ. ಪುಟದ ಶೀರ್ಷಿಕೆ, ವಿವರಣೆ, ಫೋಟೊದ ಕೆಳಗಿನ ಸಾಲು ಎಲ್ಲ ಧಾರಾಳವಾಗಿ ಕನ್ನಡದಲ್ಲಿರಲಿ. ಕನ್ನಡದಲ್ಲಿ ಹುಡುಕಿದವರಿಗೆ ನೀವು ಸಿಗುವುದು ಆ ಕನ್ನಡದಿಂದಲೇ.

ಬರೆಯುವಾಗ ಗಮನಿಸಬೇಕಾದ್ದು

ಪುಟದ ಹೆಸರಿನಲ್ಲಿ ಪದಗಳ ನಡುವೆ ಅಡ್ಡಗೆರೆ, ಅಂದರೆ ಹೈಫನ್ ಹಾಕಿ. ಕೆಳಗೆರೆ, ಅಂದರೆ ಅಂಡರ್‌ಸ್ಕೋರ್ ಬೇಡ. ಗೂಗಲ್ ಕೂಡ ಹೈಫನ್ನನ್ನೇ ಸೂಚಿಸುತ್ತದೆ. ಅಡಿಗೆರೆ ಎಳೆದ ಲಿಂಕ್‌ನಲ್ಲಿ ಅಂಡರ್‌ಸ್ಕೋರ್ ಕಣ್ಣಿಗೂ ಕಾಣುವುದಿಲ್ಲ. ಖಾಲಿ ಜಾಗ ಬಿಡಲೇಬಾರದು.

ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿರಲಿ. ಡೊಮೇನ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಅದರ ಮುಂದಿನ ಭಾಗದಲ್ಲಿ, ಸೈಟ್ ಇಟ್ಟಿರುವ ಎಷ್ಟೋ ಸರ್ವರ್‌ಗಳಲ್ಲಿ ಭೇದವಿದೆ. ಒಂದು ಅಕ್ಷರ ದೊಡ್ಡದಾದರೂ ‘ಪುಟ ಸಿಗಲಿಲ್ಲ’ ಎಂದು ಬರಬಹುದು.

ಫೋಲ್ಡರ್ ಮೇಲೆ ಫೋಲ್ಡರ್ ಬೇಡ. ಹತ್ತು ವಸ್ತು ಮಾರುವವರಿಗೆ ‘ಅಂಗಡಿ/ಆಹಾರ/ಸಿಹಿ/ಸಾಂಪ್ರದಾಯಿಕ/ತೊಡದೇವು’ ಯಾಕೆ? ನೇರವಾಗಿ ‘ನಿಮ್ಮಂಗಡಿ.ಇನ್/ತೊಡದೇವು’ ಸಾಕು.

ವರ್ಷವನ್ನು ವಿಳಾಸದಲ್ಲಿ ಬರೆಯಬೇಡಿ

ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಬಹಳಷ್ಟು ವ್ಯಾಪಾರ ಹಂಗಾಮಿನದ್ದು. ಕರಿ ಇಶಾಡ ಬೇಸಿಗೆಯಲ್ಲಿ ಕೆಲವೇ ವಾರ ಸಿಗುತ್ತದೆ. ಮಿಡಿ ಸಿಗುವುದೂ ಅಷ್ಟೇ ದಿನ. ‘ಕರಿ-ಇಶಾಡ-2025’ ಎಂದು ಪುಟ ಮಾಡಿದರೆ ಮುಂದಿನ ಬೇಸಿಗೆಗೆ ಹೊಸ ಪುಟ ಮಾಡಬೇಕು. ಹಳೆಯದಕ್ಕೆ ಬಂದ ಲಿಂಕ್, ಅದನ್ನು ಉಳಿಸಿಕೊಂಡ ಗ್ರಾಹಕರು, ಗೂಗಲ್‌ಗೆ ಆದ ಪರಿಚಯ ಎಲ್ಲ ಅಲ್ಲೇ ಬಿಟ್ಟುಹೋಗುತ್ತದೆ. ‘ಕರಿ-ಇಶಾಡ’ ಎಂದು ಒಂದೇ ಪುಟ ಇಡಿ. ಹಂಗಾಮಿನಲ್ಲಿ ದರ ಹಾಕಿ. ಹಂಗಾಮು ಮುಗಿದ ಮೇಲೆ ಪುಟ ತೆಗೆಯಬೇಡಿ, ‘ಈ ವರ್ಷದ್ದು ಮುಗಿಯಿತು, ಮುಂದಿನ ವರ್ಷಕ್ಕೆ ಹೆಸರು ಬರೆಸಿ’ ಎಂದು ಬರೆಯಿರಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆಗೆ ಕೋಣೆ ಕೊಡುವವರು ‘ಜಾತ್ರೆ-ವಸತಿ’ ಎಂದೇ ಇಟ್ಟರೆ ಆ ಒಂದು ವಿಳಾಸ ಪ್ರತಿ ಜಾತ್ರೆಗೂ ಆಗುತ್ತದೆ.

ದರ, ತೂಕ, ‘ಹೊಸದು’, ‘ಆಫರ್’ ಇವೂ ಬದಲಾಗುವಂಥವೇ. ವಿಳಾಸಕ್ಕೆ ಬೇಡ.

ಸಾಫ್ಟ್‌ವೇರ್‌ನಲ್ಲಿ ಎಲ್ಲಿ ಬದಲಿಸುವುದು?

ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪರ್ಮಾಲಿಂಕ್ಸ್‌ಗೆ ಹೋಗಿ ‘ಪೋಸ್ಟ್ ನೇಮ್’ ಆರಿಸಿ. ಪುಟ ಬರೆಯುವಾಗ ಪಕ್ಕದಲ್ಲಿ ‘ಸ್ಲಗ್’ ಎಂಬ ಜಾಗ ಇರುತ್ತದೆ. ನಿಮ್ಮ ಹಾಳೆಯಲ್ಲಿರುವ ಪದಗಳನ್ನು ಅಲ್ಲಿ ಹಾಕಿ. ಬ್ಲಾಗರ್‌ನಲ್ಲಿ ಲೇಖನದ ವಿಳಾಸಕ್ಕೆ ವರ್ಷ, ತಿಂಗಳು ತಾನಾಗಿ ಸೇರುತ್ತವೆ. ಕೊನೆಯ ಭಾಗ ಮಾತ್ರ ನಿಮ್ಮ ಕೈಯಲ್ಲಿರುತ್ತದೆ, ಅದನ್ನೂ ಪ್ರಕಟಿಸುವ ಮೊದಲೇ ಬರೆಯಬೇಕು. ಶಾಪಿಫೈನಲ್ಲಿ ‘ಪ್ರಾಡಕ್ಟ್ಸ್’ ಎಂಬ ಪದ ನಡುವೆ ಇದ್ದೇ ಇರುತ್ತದೆ, ತೆಗೆಯಲು ಆಗುವುದಿಲ್ಲ. ಅದರ ಮುಂದಿನ ಹೆಸರನ್ನು ಬದಲಿಸಬಹುದು.

ಜೊತೆಗೆ ಒಂದನ್ನು ಪರೀಕ್ಷಿಸಿ. ನಿಮ್ಮ ಸೈಟಿನ ಹೆಸರನ್ನು ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಟೈಪ್ ಮಾಡಿ. ‘ಎಚ್‌ಟಿಟಿಪಿ’ ಹಾಕಿ ಒಮ್ಮೆ, ‘ಎಚ್‌ಟಿಟಿಪಿಎಸ್’ ಹಾಕಿ ಒಮ್ಮೆ ನೋಡಿ. ಹೇಗೆ ಹಾಕಿದರೂ ಕೊನೆಗೆ ಒಂದೇ ವಿಳಾಸಕ್ಕೆ, ಅದೂ ‘ಎಚ್‌ಟಿಟಿಪಿಎಸ್’ ಇರುವುದಕ್ಕೇ ಬರಬೇಕು. ಹಾಗೆ ಬರದಿದ್ದರೆ ಸೈಟ್ ಮಾಡಿದವರಿಗೆ ಹೇಳಿ ಸರಿಮಾಡಿಸಿ.

ಹಳೆಯ ವಿಳಾಸ ಬದಲಿಸುವುದಿದ್ದರೆ

ಈಗಾಗಲೇ ಚೆನ್ನಾಗಿ ಓಡುತ್ತಿರುವ ಪುಟದ ವಿಳಾಸವನ್ನು ಸುಮ್ನೆ ಚಂದಕ್ಕಾಗಿ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ‘301 ರೀಡೈರೆಕ್ಟ್’ ಹಾಕಿಸಿ. ಪುಟ ಶಾಶ್ವತವಾಗಿ ಇಲ್ಲಿಗೆ ಬಂದಿದೆ ಎಂದು ಬ್ರೌಸರ್‌ಗೂ ಗೂಗಲ್‌ಗೂ ಹೇಳುವ ಸೂಚನೆ ಅದು. 302 ಎಂಬುದು ತಾತ್ಕಾಲಿಕಕ್ಕೆ, ಅದು ಇಲ್ಲಿಗೆ ಸರಿಯಲ್ಲ. ವರ್ಡ್‌ಪ್ರೆಸ್‌ಗೆ ಈ ಕೆಲಸಕ್ಕೆ ಉಚಿತ ಪ್ಲಗಿನ್‌ಗಳಿವೆ. ಶಾಪಿಫೈನಲ್ಲಿ ಹೆಸರು ಬದಲಿಸುವಾಗಲೇ ರೀಡೈರೆಕ್ಟ್ ಮಾಡಬೇಕೇ ಎಂದು ಕೇಳುತ್ತದೆ, ಹೌದು ಎನ್ನಿ.

ಹಳೆಯ ಉಪ್ಪಿನಕಾಯಿ ಪುಟ ಹೊಸ ಉಪ್ಪಿನಕಾಯಿ ಪುಟಕ್ಕೇ ಹೋಗಬೇಕು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟ ಇಲ್ಲ’ ಎಂದೇ ಲೆಕ್ಕ ಹಾಕಬಹುದು. ಗ್ರಾಹಕರಿಗೂ ಗೊಂದಲ. ಬದಲಿಸಿದ ಮೇಲೆ, ಸೈಟ್ ನಡೆಸುವವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ಪಟ್ಟಿ ಕೊಡಿ. ಕೆಲವು ವಾರ ಬಿಟ್ಟು ‘404’, ಅಂದರೆ ‘ಪುಟ ಸಿಗಲಿಲ್ಲ’ ಎಂದು ತೋರಿಸುತ್ತಿರುವ ಪುಟಗಳಿವೆಯೇ ನೋಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಹಳೆಯ ಲಿಂಕ್ ಇದ್ದರೆ ಅಲ್ಲೂ ಬದಲಿಸಿ.

ಕೊನೆಗೆ, ಕ್ಯುಆರ್ ಕೋಡ್

ಕ್ಯುಆರ್ ಚೌಕದ ಒಳಗಿರುವುದೂ ವಿಳಾಸವೇ. ಕೆಲವು ಉಚಿತ ಸೇವೆಗಳು ನಿಮ್ಮ ವಿಳಾಸದ ಬದಲು ತಮ್ಮದೊಂದು ಚಿಕ್ಕ ವಿಳಾಸವನ್ನು ಚೌಕದೊಳಗೆ ಇಡುತ್ತವೆ. ಆ ಸೇವೆ ನಿಂತರೆ, ಅಥವಾ ದುಡ್ಡು ಕಟ್ಟದಿದ್ದರೆ, ಮಾರಿದ ಬಾಟಲಿಗಳ ಮೇಲಿನ ಚೌಕವೆಲ್ಲ ಕೆಲಸಕ್ಕೆ ಬಾರದಂತಾಗುತ್ತದೆ. ಲೇಬಲ್ ಅಚ್ಚಿಗೆ ಕೊಡುವ ಮೊದಲು ಫೋನಿನಲ್ಲಿ ಸ್ಕ್ಯಾನ್ ಮಾಡಿ ನೋಡಿ. ತೆರೆಯುವ ಮುನ್ನ ಕಾಣುವ ಹೆಸರು ನಿಮ್ಮ ಡೊಮೇನೇ ಆಗಿರಬೇಕು. ಚೌಕದ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಹಾಕಿಸಿ, ಕ್ಯಾಮೆರಾ ಹಿಡಿಯಲು ಬಾರದ ಹಿರಿಯರಿಗೆ ಬೇಕಾಗುತ್ತದೆ.

ರೀಡೈರೆಕ್ಟನ್ನು ಕಡಿಮೆಯೆಂದರೂ 1 ವರ್ಷ ಇಡಿ ಎನ್ನುತ್ತದೆ ಗೂಗಲ್. ಉಪ್ಪಿನಕಾಯಿ ಭರಣಿ ಅದಕ್ಕಿಂತ ಹೆಚ್ಚು ಕಾಲ ಅಡುಗೆಮನೆಯಲ್ಲಿ ಇರುತ್ತದೆ. ಹಳೆಯ ವಿಳಾಸ ಅಚ್ಚಾದ ಲೇಬಲ್ ಒಂದಾದರೂ ಹೊರಗಿದೆ ಎಂದಾದರೆ ಆ ರೀಡೈರೆಕ್ಟನ್ನು ತೆಗೆಯಲೇಬೇಡಿ.