ಶಾಲೆಯಲ್ಲಿ ಸೂಜಿ ಹಾಕುವ ದಿನಕ್ಕೆ ಮೊದಲು: ರಾಯಚೂರಿಗೆ ಹೊಸದಾಗಿ ಬಂದ ಮನೆಯವರಿಗೆ

ರಾಯಚೂರಿಗೆ ಬಂದಿದ್ದೀರಿ, ಸಂತೋಷ. ಶಕ್ತಿನಗರಕ್ಕೋ, ಹಟ್ಟಿಗೋ, ಕೃಷಿ ವಿಶ್ವವಿದ್ಯಾಲಯಕ್ಕೋ ವರ್ಗವಾಗಿ ಬಂದಿರುತ್ತೀರಿ. ಹಾಸನ, ಮೈಸೂರು, ಶಿವಮೊಗ್ಗ ಕಡೆಯಿಂದ ಬಂದವರೇ ನಮ್ಮ ಸಂಘದಲ್ಲಿ ಜಾಸ್ತಿ. ಮನೆ ಬಾಡಿಗೆ, ನೀರು, ಗ್ಯಾಸ್ ವಿಷಯ ಬೇರೆ ಹಾಳೆಯಲ್ಲಿ ಬರೆದಿದ್ದೇವೆ. ಇದು ಮಕ್ಕಳ ಶಾಲೆಯ ಲಸಿಕೆಗೆ ಸಂಬಂಧಿಸಿದ್ದು.

ಶಾಲೆಗೆ ಸೇರಿಸುವಾಗ ಕೈಯಲ್ಲಿರಲಿ

- ಟಿ.ಸಿ., ಆಧಾರ್
- ತಾಯಿ ಕಾರ್ಡ್ (ಲಸಿಕೆ ಪುಟದ ಫೋಟೊ ಮೊಬೈಲಿನಲ್ಲೂ ಇರಲಿ)
- ಹತ್ತಿರದ ಆಶಾ ಕಾರ್ಯಕರ್ತೆಯ ನಂಬರ್

ಮಗು ದೊಡ್ಡದಾಯಿತು, ಲಸಿಕೆ ಎಲ್ಲಾ ಮುಗಿಯಿತು ಎಂದುಕೊಳ್ಳಬೇಡಿ. 5ರಿಂದ 6 ವರ್ಷದೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಎರಡನೇ ಬೂಸ್ಟರ್ ಇದೆ. 10 ವರ್ಷಕ್ಕೆ ಒಮ್ಮೆ, 16 ವರ್ಷಕ್ಕೆ ಒಮ್ಮೆ ಟಿಡಿ ಇದೆ. ಇದು ಧನುರ್ವಾಯು ಮತ್ತು ಗಂಟಲಮಾರಿಗೆ. ಒಂದನೇ ಕ್ಲಾಸು, ಐದನೇ ಕ್ಲಾಸು, ಹತ್ತನೇ ಕ್ಲಾಸು ಎಂದು ನೆನಪಿಟ್ಟುಕೊಂಡರೆ ಸಾಕು.

ಮೆದುಳು ಜ್ವರ

ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುತ್ತಾರೆ. ಗದ್ದೆಯ ನಿಂತ ನೀರಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯಿಂದ ಜಪಾನೀಸ್ ಮೆದುಳು ಜ್ವರ ಬರುತ್ತದೆ. ಅದಕ್ಕೇ ನಮ್ಮ ಜಿಲ್ಲೆಯಲ್ಲಿ ಇದರ ಲಸಿಕೆ ಮಾಮೂಲಿ ಪಟ್ಟಿಯಲ್ಲೇ ಇದೆ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ನಿಮ್ಮ ಹಳೇ ಜಿಲ್ಲೆಯಲ್ಲಿ ಹಾಕಿರದೇ ಇರಬಹುದು. ಬಂದ ವಾರವೇ ಕಾರ್ಡ್ ಹಿಡಿದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪಾಠ ಆದ ಶಾಲೆ, ಪಾಠ ಆಗದ ಶಾಲೆ

ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. 2017ರ ಫೆಬ್ರವರಿಯಲ್ಲಿ ರಾಜ್ಯದಲ್ಲೆಲ್ಲಾ ದಡಾರ–ರುಬೆಲ್ಲಾ ಅಭಿಯಾನ ನಡೆಯಿತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲಾ ಮಕ್ಕಳಿಗೂ ಸೂಜಿ. ನಾವಾಗ ಇಲ್ಲಿಗೆ ಹೊಸಬರು. ವಾಟ್ಸಾಪ್‌ನಲ್ಲಿ ಇಲ್ಲದ ಸುದ್ದಿಯೆಲ್ಲಾ ಓಡಾಡುತ್ತಿತ್ತು. ಮಗಳ ಶಾಲೆಯಿಂದ ಬಂದ ಚೀಟಿಯಲ್ಲಿದ್ದದ್ದು ಒಂದೇ ಸಾಲು: ನಾಳೆ ಲಸಿಕೆ, ಊಟ ಮಾಡಿಸಿ ಕಳಿಸಿ. ಯಾವ ರೋಗಕ್ಕೆ, ಯಾಕೆ, ಹಾಕಿಸಿದ ಮೇಲೆ ಏನಾಗಬಹುದು, ಒಂದು ಮಾತೂ ಇಲ್ಲ. ಮರುದಿನ ಕ್ಲಾಸಿನ ಬೆಂಚುಗಳು ಖಾಲಿ. ಬಂದ ಮಕ್ಕಳು ಸಾಲಲ್ಲಿ ನಿಂತು ಮುಂದಿನವರ ಅಳು ನೋಡುತ್ತಾ ನಡುಗುತ್ತಿದ್ದರು. ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದಳು. ಅವಳನ್ನು ನೋಡಿ ಇನ್ನಿಬ್ಬರು ಬಿದ್ದರು. ಸಂಜೆ ಹೊತ್ತಿಗೆ ಊರಲ್ಲಿ ಅದು ಬೇರೆಯೇ ಕಥೆಯಾಗಿತ್ತು.

ಪಕ್ಕದ ಓಣಿಯ ಸರ್ಕಾರಿ ಶಾಲೆಯಲ್ಲಿ ಅಕ್ಕೋರು ಒಂದು ವಾರ ಮೊದಲೇ ಪಾಠ ಮಾಡಿದ್ದರು. ದಡಾರ ಹೇಗೆ ಹರಡುತ್ತದೆ, ರುಬೆಲ್ಲಾ ಬಸುರಿಗೆ ಬಂದರೆ ಹೊಟ್ಟೆಯ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಏನಾಗುತ್ತದೆ ಎಂದು ಬೋರ್ಡ್ ಮೇಲೆ ಬರೆದು ಹೇಳಿದ್ದರು. ಕೈ ನೋಯುತ್ತದೆ, ಜ್ವರ ಬರಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ. ಮಕ್ಕಳು ಮನೆಗೆ ಹೋಗಿ ಅದನ್ನೇ ಅಜ್ಜಿಗೆ ಹೇಳಿದರು. ಅಪ್ಪ ಅಮ್ಮನಿಗೆ ಓದಲು ಬರದ ಮನೆಗಳಲ್ಲಿ ಮಕ್ಕಳೇ ಚೀಟಿ ಓದಿದರು. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಕಿಸಿಕೊಂಡರು. ಅದೇ ಲಸಿಕೆ, ಅದೇ ಆರೋಗ್ಯ ಕೇಂದ್ರದ ಸಿಸ್ಟರ್.

ಹಾಗಂತ ಪಾಠ ಒಂದಿದ್ದರೆ ಆಯಿತು ಎನ್ನಲಾಗದು. ಆಸ್ಟ್ರೇಲಿಯಾದ ಎರಡು ರಾಜ್ಯಗಳ ಶಾಲೆಗಳಲ್ಲಿ ಎಚ್‌ಪಿವಿ ಲಸಿಕೆಗೆ (ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ) ಮುಂಚೆ ಪಾಠ ಮಾಡಿ, ಮಾಡದ ಶಾಲೆಗಳ ಜೊತೆ ಹೋಲಿಸಿ ನೋಡಿದರು. ಮಕ್ಕಳಿಗೆ ತಿಳಿವಳಿಕೆ ಬಂತು, ಸೂಜಿಯ ಭಯ ಕಡಿಮೆ ಆಯಿತು. ಆದರೆ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ ಹೇಳಿಕೊಳ್ಳುವಷ್ಟು ಏರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಪಾಠ ಕೇಳುವುದು ಮಗು, ಸಹಿ ಹಾಕುವುದು ನಾವು. ಮಗು ಕಲಿತದ್ದು ಮನೆಯಲ್ಲಿ ನಮ್ಮ ಕಿವಿಗೆ ಬೀಳದಿದ್ದರೆ ಚೀಟಿ ಬ್ಯಾಗಿನಲ್ಲೇ ಉಳಿಯುತ್ತದೆ.

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಆರೋಗ್ಯದ ಪಾಠ ಆದ ದಿನ ಸಂಜೆ ಮಗುವನ್ನು ಕೂರಿಸಿಕೊಂಡು ಏನು ಹೇಳಿಕೊಟ್ಟರು ಎಂದು ಕೇಳಿ. ಅತ್ತೆ ಮಾವ ಇದ್ದರೆ ಅವರ ಮುಂದೆಯೇ ಹೇಳಿಸಿ. "ಅದೆಲ್ಲಾ ಪರೀಕ್ಷೆಗೆ ಬರುತ್ತಾ, ಗಣಿತ ಮಾಡು ಹೋಗು" ಅನ್ನಬೇಡಿ. ನಮ್ಮವರಲ್ಲೇ ಹೀಗೆ ಅನ್ನುವವರು ಇದ್ದಾರೆ, ಕೇಳಿ ಬೇಜಾರಾಗುತ್ತದೆ. ಚೀಟಿಗೆ ಸಹಿ ಹಾಕಿ ಮರುದಿನವೇ ವಾಪಸ್ ಕಳಿಸಿ. ಪಾಠವೇ ಆಗದೆ ಚೀಟಿ ಬಂದರೆ ಶಾಲೆಗೆ ಹೋಗಿ ಕೇಳಿ. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ಅದರ ಪ್ರಕಾರ ಸರ್ಕಾರಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಿರಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಅವರು ಯಾರು ಎಂದು ವಿಚಾರಿಸಿ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಮಾತೆತ್ತಿ. ಫೀಸ್ ವಿಚಾರಕ್ಕೆ ಬಾಯಿ ಬಿಡುವ ನಾವು ಇದಕ್ಕೂ ಬಿಡಬೇಕು.

ಹೆಣ್ಣುಮಕ್ಕಳ ಲಸಿಕೆ

ಎಚ್‌ಪಿವಿ ಲಸಿಕೆ ಗರ್ಭಕೊರಳಿನ ಕ್ಯಾನ್ಸರ್ ತಡೆಯಲು. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಜಾಸ್ತಿ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯ ಫಲ. ಇಷ್ಟು ಸಣ್ಣ ಹುಡುಗಿಗೆ ಯಾಕ್ರೀ ಎಂದು ಅಪ್ಪಂದಿರು ಕೇಳುತ್ತಾರೆ. ವೈರಸ್ ಮೈಗೆ ತಾಗುವ ಮೊದಲೇ ಹಾಕಿಸಬೇಕು, ಅದಕ್ಕೆ. ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು.

ಶಾಲೆಯಲ್ಲಿ ಈ ಪಾಠವನ್ನು ನಾಚಿಕೆಯಿಂದ ಹಾರಿಸಿಬಿಡುವುದುಂಟು. ಹಾರಿಸಿದ ಕಡೆ ಗುಸುಗುಸು ಬೆಳೆಯುತ್ತದೆ. ಸಿಕ್ಕಿಂ ರಾಜ್ಯದಲ್ಲಿ 2018ರಲ್ಲಿ ಶಾಲೆಗಳ ಮೂಲಕವೇ 9ರಿಂದ 13 ವರ್ಷದ ಹುಡುಗಿಯರಿಗೆ ಈ ಲಸಿಕೆ ಕೊಟ್ಟರು. ಮೊದಲು ಶಿಕ್ಷಕರಿಗೆ, ಪೋಷಕರಿಗೆ ತಿಳಿಸಿ ಹೇಳಿದರು. ನೂರಕ್ಕೆ 95ಕ್ಕಿಂತ ಹೆಚ್ಚು ಹುಡುಗಿಯರು ಹಾಕಿಸಿಕೊಂಡರು. ಬೆಟ್ಟದ ಮೇಲಿನ ಸಣ್ಣ ರಾಜ್ಯಕ್ಕೆ ಆದದ್ದು ನಮಗೆ ಯಾಕಾಗದು? ಅಪ್ಪನಿಗೆ ಸಂಕೋಚವಾದರೆ ಅಮ್ಮ ಮಾತಾಡಲಿ. ಇಬ್ಬರಿಗೂ ಆಗದಿದ್ದರೆ ನಮ್ಮ ಮಹಿಳಾ ಘಟಕದ ಅಕ್ಕಂದಿರು ಮನೆಗೇ ಬರುತ್ತಾರೆ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳಬಲ್ಲವರು ನಮ್ಮಲ್ಲಿದ್ದಾರೆ. ಅದು ನಮ್ಮ ಸಂಘಕ್ಕೆ ಹೆಮ್ಮೆ.

"ಊರಿಗೆ ಹೋದಾಗ ಹಾಕಿಸ್ತೀವಿ"

ಹಿಂದುಳಿದ ಜಿಲ್ಲೆ, ಇಲ್ಲಿ ಬೇಡ ಎಂದು ಬೆಂಗಳೂರು, ಮೈಸೂರಿಗೆ ಹೋಗುವವರೆಗೆ ಕಾಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸರ್ಕಾರದ ಲಸಿಕೆ ಅಲ್ಲೂ ಇಲ್ಲೂ ಒಂದೇ. ಈ ಬಿಸಿಲಲ್ಲಿ ಕೆಡುವುದಿಲ್ವಾ ಎಂದು ಕೇಳುವುದು ಸರಿಯಾದ ಪ್ರಶ್ನೆ. ಲಸಿಕೆ 2ರಿಂದ 8 ಡಿಗ್ರಿ ತಂಪಲ್ಲಿರಬೇಕು, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಶಾಲೆಗೆ ಬರುತ್ತದೆ. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಚೌಕ ಇರುತ್ತದೆ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಿಸಿಗೆ ಕೆಟ್ಟಿಲ್ಲ ಎಂದರ್ಥ. ಕೇಳಿದರೆ ಸಿಸ್ಟರ್ ತೋರಿಸುತ್ತಾರೆ. ಇದನ್ನು ಪಾಠದಲ್ಲೇ ಹೇಳಿಕೊಟ್ಟರೆ ಮಕ್ಕಳೇ ನೋಡಿ ಬಂದು ಹೇಳುತ್ತಾರೆ.

ಮನೆಯಲ್ಲಿ ಯಾರಿಗಾದರೂ ಅಮ್ಮ (ದಡಾರ, ಸೀತಾಳೆ ಸಿಡುಬು) ಆದರೆ ಬೇವಿನ ಸೊಪ್ಪು ಕಟ್ಟುವುದು, ಎಡೆ ಇಡುವುದು ನಮ್ಮ ಪದ್ಧತಿ. ಅದನ್ನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಲಸಿಕೆಯನ್ನೂ ಹಾಕಿಸಿ.

ಆ ದಿನ

- ಹೊಟ್ಟೆ ತುಂಬ ತಿನ್ನಿಸಿ, ಸಡಿಲ ತೋಳಿನ ಅಂಗಿ ಹಾಕಿ
- ಕೂತುಕೊಂಡೇ ಹಾಕಿಸಿಕೊಳ್ಳಲು ಹೇಳಿ
- ಆಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು
- ಅಲರ್ಜಿ, ಜೋರು ಜ್ವರ ಇದ್ದರೆ ಮೊದಲೇ ತಿಳಿಸಿ
- ತಾಯಿ ಕಾರ್ಡಿನಲ್ಲಿ ಬರೆಸಿ

ಒಂದೆರಡು ದಿನ ಕೈ ನೋವು, ಸ್ವಲ್ಪ ಜ್ವರ ಮಾಮೂಲು. ಅದಕ್ಕಿಂತ ಜಾಸ್ತಿ ಏನಾದರೂ ಕಂಡರೆ ಆರೋಗ್ಯ ಕೇಂದ್ರಕ್ಕೆ ಅಥವಾ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಕರೆದುಕೊಂಡು ಹೋಗಿ. ಆ ದಿನ ಮಗು ಶಾಲೆಗೆ ಹೋಗಿಲ್ಲವಾದರೆ ಲಸಿಕೆ ಕೈತಪ್ಪಿತು ಎಂದು ಬಿಟ್ಟುಬಿಡಬೇಡಿ. ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಗುರುವಾರ ಲಸಿಕೆ ಹಾಕುತ್ತಾರೆ. ಕಾರ್ಡ್ ತೆಗೆದುಕೊಂಡು ಹೋಗಿ. ನಡುವೆ ಒಂದು ಡೋಸ್ ತಪ್ಪಿದ್ದರೂ ಮೊದಲಿಂದ ಶುರು ಮಾಡುವ ಅಗತ್ಯವಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.